ಮೂರನೆಯ ಕೌಂಟರ್

ಶುಕ್ರವಾರ. ನಾಲ್ಕಕ್ಕೆ ಇನ್ನು ಹತ್ತೇ ನಿಮಿಷ.
ಸೆಗೆದ್ ಊರಿನ ನದಿಗಾಳಿ
ಬ್ಯಾಂಕಿನ ಗಾಜಿನ ಬಾಗಿಲು ತಳ್ಳಿ ನೋಡುತ್ತಿದೆ.
ಟೋಕನ್ ಎಂಬತ್ತೇಳು.
ಬೊಗ್ಲಾರ್ಕಾ ಎದ್ದು ಬಂದಳು, ಹಿಂದೆ ಜೊಂಬೊರ್,
ತೋಳ ಮೇಲೆ ಇಬ್ಬರ ಕೋಟುಗಳು.

ನನಗಿವರ ನೆನಪಿದೆ.
ಐದು ವರ್ಷದ ಹಿಂದೆ ಇದೇ ಕೌಂಟರಿನಲ್ಲಿ
ಬೆರಳಿಗಿನ್ನೂ ಒಗ್ಗದ ಉಂಗುರ
ತಿರುಗಿಸುತ್ತ ತಿರುಗಿಸುತ್ತ ಸಹಿ ಹಾಕಿದ್ದರು.
ನಾನೇ ಓದಿ ಹೇಳಿದ್ದೆ, ಬೇಕರಿಯವಳು ಬೆಲೆ ಹೇಳುವ ಹಾಗೆ:
ಒಂದು ಹುಟ್ಟಿದರೆ ಬಡ್ಡಿ ಇಲ್ಲ,
ಎರಡಾದರೆ ಅಸಲಲ್ಲೂ ಒಂದು ಪಾಲು ಇಲ್ಲ,
ಮೂರಾದರೆ ಸಾಲವೇ ಇಲ್ಲ.
ಒಂದೂ ಆಗದಿದ್ದರೆ?
ಅಂತ ಆಗ ಯಾರೂ ಕೇಳುವುದಿಲ್ಲ.
ಅದು ಹನ್ನೊಂದನೆಯ ಪುಟದಲ್ಲಿದೆ, ಸಣ್ಣ ಅಕ್ಷರ.

ಆ ದುಡ್ಡಿಗೆ ಎರಡು ಕೋಣೆ ಬಂತು, ಮತ್ತೊಂದು ಅರೆಕೋಣೆ.
ಅರೆಕೋಣೆ ಎನ್ನುವುದು ನಮ್ಮಲ್ಲಿಯ ಲೆಕ್ಕ:
ತೊಟ್ಟಿಲು ಹಿಡಿಸುತ್ತದೆ, ದೊಡ್ಡ ಮಂಚ ಹಿಡಿಸುವುದಿಲ್ಲ.
"ಈಗ ಅಲ್ಲಿ ಬಟ್ಟೆ ಒಣಹಾಕುತ್ತೇವೆ" ಎಂದಳು,
ನಾನು ಕೇಳದೆಯೇ.

ಕಂಪ್ಯೂಟರಿನಲ್ಲಿ ಒಂದು ಚೌಕ: ಮಕ್ಕಳ ಸಂಖ್ಯೆ.
ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ.
ಸೊನ್ನೆಯಾದರೆ ಸೊನ್ನೆ ಒತ್ತಬೇಕು.

"ಮೂರು" ಎಂದಳು ಬೊಗ್ಲಾರ್ಕಾ.
ಜೊಂಬೊರ್ ಕೋಟುಗಳನ್ನು ಇನ್ನೊಂದು ತೋಳಿಗೆ ಬದಲಿಸಿದ.
"ಒಂದು ಈಸ್ಟರಿನ ಹಿಂದಿನ ವಾರ.
ಒಂದು ಕಾರ್ಖಾನೆಯಲ್ಲೇ, ರಾತ್ರಿ ಪಾಳಿ.
ಇನ್ನೊಂದಕ್ಕೆ ಹೆಸರು ಕೂಡ ಇಟ್ಟಿದ್ದೆವು."
ಎಷ್ಟನೆಯ ವಾರದಿಂದ ಎಣಿಸಬೇಕೆಂದು
ನಿಯಮದಲ್ಲಿ ಬರೆದಿದೆ.
ಅವಳು ಮೊದಲ ದಿನದಿಂದ ಎಣಿಸಿದ್ದಾಳೆ.

ಡಾಕ್ಟರ ಪತ್ರದ ವಿಷಯ ಹೇಳಿದೆ.
ಇವರಿಗೆ ಮಕ್ಕಳಾಗುವುದಿಲ್ಲ ಎಂದು
ಮುದ್ರೆ ಒತ್ತಿ ಕೊಟ್ಟರೆ ದಂಡ ಇಲ್ಲ.
"ಆಗುವುದಿಲ್ಲ ಅಂತ ಅವರು ಬರೆಯುವುದಿಲ್ಲ,"
ಜೊಂಬೊರ್ ಈಗ ಬಾಯಿಬಿಟ್ಟ,
"ಆಗಲೂಬಹುದು ಅಂತಲೇ ಬರೆಯುತ್ತಾರೆ."
ಹಾಗಾದರೆ ಆ 'ಲೂಬಹುದು'ವಿಗೆ
ಐದು ವರ್ಷದ ಬಡ್ಡಿ ಬೀಳುತ್ತದೆ.
ಹಾಗಂತ ಹೇಳಲಿಲ್ಲ. ಕಂತಿನ ಪಟ್ಟಿ ಮುದ್ರಿಸಿದೆ.

ಮೊಮ್ಮಗುವನ್ನು ಬಡ್ಡಿ ಎಂದು ಕರೆದು
ಅಸಲಿಗಿಂತ ಹೆಚ್ಚು ಮುದ್ದಿಸುವ ಜನ ಎಲ್ಲೋ ಇದ್ದಾರಂತೆ.
ಅಲ್ಲಿಯ ಬ್ಯಾಂಕುಗಳಲ್ಲಿ ನನ್ನಂಥವಳು
ಈ ಮಾತನ್ನು ಹೇಗೆ ಆಡುತ್ತಾಳೋ.

ಮೇಜಿನ ಮೇಲಿನ ಫೋಟೊ ಕಂಡು ಬೊಗ್ಲಾರ್ಕಾ ಕೇಳಿದಳು,
"ಎಷ್ಟು ವಯಸ್ಸು?"
ನಾಲ್ಕು. ಕಿಂಚೊ. ನಿಧಿ ಎಂದರ್ಥ.
(ಬ್ಯಾಂಕಿನವಳ ಮಗಳಲ್ಲವೇ, ಎಂದು ಎಲ್ಲರೂ ನಗುತ್ತಾರೆ.)
ಅವಳು ಹುಟ್ಟಿದಾಗ ನನ್ನ ಗಂಡ ರಜೆ ಕೇಳಿದ್ದ.
"ನೀನೇನು ಹೆತ್ತೆಯಾ?" ಎಂದಿದ್ದ ಮೇಸ್ತ್ರಿ,
ರಜೆ ಕೊಟ್ಟ, ನಗುತ್ತಲೇ ಕೊಟ್ಟ,
ವಾಪಸು ಬಂದಾಗ ಅವನ ಜಾಗ ಬೇರೆಯಾಗಿತ್ತು.
ಎರಡನೆಯದು ಯಾವಾಗ ಎಂದು ನಾವು ಒಬ್ಬರನ್ನೊಬ್ಬರು ಕೇಳುವುದಿಲ್ಲ.
ತಿಂಗಳಿಗೊಮ್ಮೆ ನಮ್ಮ ಸಾಲದ ಕಾಗದ ಕೇಳುತ್ತದೆ.

ಬೊಗ್ಲಾರ್ಕಾ ಪಟ್ಟಿಯನ್ನು ನಾಲ್ಕಾಗಿ ಮಡಚಿದಳು,
ಅಂಗೈಯಿಂದ ಸವರಿ ಸವರಿ,
ಒಗೆದ ಪುಟ್ಟ ಬಟ್ಟೆ ಮಡಚುವ ಹಾಗೆ.
ಕೋಟು ತೊಡುವಾಗ ತೋಳು ಸಿಗಲಿಲ್ಲ.
ಅವನು ಹಿಡಿದುಕೊಂಡು ನಿಂತೇ ಇದ್ದ.

ನಾಲ್ಕೂ ನಲವತ್ತರ ಟ್ರಾಮ್ ತಪ್ಪಿತು.
ಶಿಶುವಿಹಾರ ಮುಚ್ಚುವುದು ಐದಕ್ಕೆ,
ನಾನು ಮುಟ್ಟಿದ್ದು ಐದೂ ಇಪ್ಪತ್ತಕ್ಕೆ.
ಟೀಚರಮ್ಮ ಸ್ಕಾರ್ಫು ಕಟ್ಟಿಕೊಂಡು ಬಾಗಿಲಲ್ಲೇ ಇದ್ದರು.
ನನ್ನ ನಿಧಿ ಕೋಟು ನೇತುಹಾಕುವ ಗೋಡೆಯ ಕೆಳಗೆ,
ಎಡಗಾಲಿನ ಬೂಟು ಬಲಗಾಲಿಗೆ.

ಒಂದೊಂದು ಮಗುವಿಗೆ ಒಂದೊಂದು ಕೊಕ್ಕೆ,
ಕೊಕ್ಕೆಯ ಮೇಲೊಂದು ಚಿತ್ರ, ಓದು ಬಾರದವರ ಹೆಸರು ಅದು.
ಅವಳದು ಮುಳ್ಳುಹಂದಿ.
ಈ ವರ್ಷ ಒಂಬತ್ತು ಕೊಕ್ಕೆಗೆ ಚಿತ್ರವಿಲ್ಲ.
ಕಾಗದ ಹರವಿಕೊಂಡು ಅವಕ್ಕೆ ಬಿಡಿಸುತ್ತಿದ್ದಳು:
ಒಂದು ಅಣಬೆ, ಒಂದು ಬಸವನಹುಳು,
ಮತ್ತೊಂದು ಬರೀ ಗುಂಡಗೆ.

"ಇದೇನೇ?" ಎಂದೆ.
"ಅದಿನ್ನೂ ಆಗಿಲ್ಲ" ಎಂದಳು,
ಬಣ್ಣದ ಕಡ್ಡಿ ಹುಡುಕುತ್ತ.